ಹೇರ್ ಪ್ಯಾಚ್‌ನ ಗಂಟು ಕಾಣ್ತಿದೆಯಾ? ಮನೆಯಲ್ಲೇ ಬ್ಲೀಚ್ ಮಾಡೋ ಮುನ್ನ ಇದನ್ನ ಓದಿ

ಸಾವಿರಾರು ರೂಪಾಯಿ ಕೊಟ್ಟು ತಂದ ಹೇರ್ ಪ್ಯಾಚ್. ಬಣ್ಣ ಹೊಂದುತ್ತೆ, ಉದ್ದ ಹೊಂದುತ್ತೆ, ಗಾಳಿಗೆ ಹಾರೋದೂ ಸಹಜವಾಗೇ ಇದೆ. ಆದ್ರೆ ಆಫೀಸಿನ ಲಿಫ್ಟ್‌ನಲ್ಲಿ ನೆತ್ತಿ ಮೇಲಿನ ಬಿಳಿ ದೀಪದ ಕೆಳಗೆ ನಿಂತು ಕನ್ನಡಿ ನೋಡಿಕೊಂಡ್ರೆ ಹಣೆಯಂಚಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ. ಮೆಣಸಿನ ಪುಡಿ ಉದುರಿಸಿದ ಹಾಗೆ. ಅದು ಬೇರೆಯವರ ಕಣ್ಣಿಗೆ ಬೀಳುತ್ತೋ ಇಲ್ವೋ, ಹಾಕಿಕೊಂಡವರಿಗಂತೂ ದಿನವಿಡೀ ಕಾಣ್ತಾನೇ ಇರುತ್ತೆ. ಮೀಟಿಂಗ್‌ನಲ್ಲಿ ಎದುರಿಗಿರುವವರ ನೋಟ ಒಂದಿಂಚು ಮೇಲೆ ಹೋದ್ರೆ ಸಾಕು, ಎದೆ ಧಸಕ್ ಅನ್ನುತ್ತೆ.

ಆ ಚುಕ್ಕಿಗಳನ್ನ ತಿಳಿಯಾಗಿಸೋ ಕೆಲಸಕ್ಕೆ ‘ಬ್ಲೀಚಿಂಗ್ ನಾಟ್ಸ್’ ಅಂತಾರೆ. ಸಲೂನ್‌ನಲ್ಲಿ ಮಾಡ್ತಾರೆ, ಪ್ಯಾಚ್ ತಯಾರಿಸುವವರೂ ಮಾಡಿಕೊಡ್ತಾರೆ. ವಿಡಿಯೋ ನೋಡಿಕೊಂಡು ಮನೆಯಲ್ಲೇ ಮಾಡೋಣ ಅನ್ನೋರೂ ಬಹಳ ಜನ. ಮಾಡ್ಬಹುದು. ಆದ್ರೆ ಇದು ಮೊಸರಿಗೆ ಹೆಪ್ಪು ಹಾಕಿದ ಹಾಗೆ ರಾತ್ರಿ ಬಿಟ್ಟು ಬೆಳಿಗ್ಗೆ ನೋಡೋ ಕೆಲಸ ಅಲ್ಲ. ಹಾಲು ಕಾಯಿಸಿದ ಹಾಗೆ, ಎದುರಿಗೇ ನಿಂತಿರಬೇಕು. ಐದು ನಿಮಿಷ ಹೆಚ್ಚಾದ್ರೆ ಪ್ಯಾಚ್ ಹೋಯ್ತು ಅಂತಲೇ ಲೆಕ್ಕ.

ಈ ಚುಕ್ಕಿ ಬಂದಿದ್ದೆಲ್ಲಿಂದ?

ಲೇಸ್ ಪ್ಯಾಚ್ ಅಂದ್ರೆ ಸೊಳ್ಳೆ ಪರದೆಗಿಂತ ಎಷ್ಟೋ ನವಿರಾದ ಒಂದು ಜಾಲರಿ. ಕೊಕ್ಕೆಯಂಥ ಸೂಜಿಯಿಂದ ಒಂದೊಂದೇ ಕೂದಲನ್ನ ಆ ಜಾಲರಿಯ ಕಣ್ಣಿಗೆ ಸಿಕ್ಕಿಸಿ ಗಂಟು ಹಾಕಿರ್ತಾರೆ. ಯಂತ್ರದ ಕೆಲಸ ಅಲ್ಲ, ಕೈ ಕೆಲಸ. ಗಂಟು ಅಂದ್ರೆ ಸುರುಳಿ ಸುತ್ತಿದ ಕೂದಲೇ ತಾನೆ? ಕೂದಲು ಕಪ್ಪಾಗಿದ್ರೆ ಗಂಟೂ ಕಪ್ಪು. ಕೆಂಚು ಕೂದಲಿನವರಿಗೆ ಈ ತೊಂದರೆ ಕಡಿಮೆ. ನಮ್ಮ ಕಡುಗಪ್ಪು ಕೂದಲಿಗೇ ಇದು ಜಾಸ್ತಿ.

ಗಂಟಿನಲ್ಲೂ ಬಗೆ ಇದೆ. ಸಿಂಗಲ್ ನಾಟ್ ಚಿಕ್ಕದು, ಕಡಿಮೆ ಕಾಣುತ್ತೆ, ಆದ್ರೆ ಬೇಗ ಬಿಚ್ಚಿಕೊಳ್ಳುತ್ತೆ. ಡಬಲ್ ನಾಟ್ ಗಟ್ಟಿ, ಆದ್ರೆ ಚುಕ್ಕಿ ದಪ್ಪ. ಅದಕ್ಕೇ ಒಳ್ಳೆಯ ಪ್ಯಾಚ್‌ಗಳಲ್ಲಿ ಮುಂಭಾಗಕ್ಕೆ ಸಿಂಗಲ್, ಹಿಂಭಾಗಕ್ಕೆ ಡಬಲ್ ಹಾಕಿರ್ತಾರೆ.

ಆ ಕೂದಲಿನ ಹಿಂದೆ ನಮ್ಮೂರಿನ ಕಥೆಯೂ ಇದೆ. ಬಾಚಣಿಗೆಗೆ ಸಿಕ್ಕಿದ ಕೂದಲನ್ನ ಸುತ್ತಿ ಗೋಡೆ ಸಂದಿಯಲ್ಲಿಟ್ಟು, ಕೂದಲು ಕೊಳ್ಳೋನು ಬಂದಾಗ ಪಿನ್ನಿಗೋ ಪಾತ್ರೆಗೋ ಕೊಡ್ತಿದ್ದ ಅಜ್ಜಿಯಂದಿರು ನೆನಪಿದ್ದಾರಾ? ಹಾಗೆ ಕೂಡಿಸಿದ ಕೂದಲನ್ನ ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸೋ ದೊಡ್ಡ ಉದ್ಯಮ ಕೊಪ್ಪಳದ ಭಾಗ್ಯನಗರದಲ್ಲಿದೆ. ತಿರುಮಲದ ಮುಡಿ ಕೂದಲು ಹರಾಜಿಗೆ ಹೋಗೋದು ಗೊತ್ತೇ ಇದೆ. ಇಲ್ಲಿಂದ ಹೊರಟ ಕೂದಲು ಚೀನಾದ ಕಾರ್ಖಾನೆಗಳಲ್ಲಿ ಪ್ಯಾಚ್ ಆಗಿ ಮತ್ತೆ ಬೆಂಗಳೂರಿಗೆ ಬರೋದೂ ಉಂಟು. ದಾರಿಯಲ್ಲಿ ಅದು ರಾಸಾಯನಿಕದಲ್ಲಿ ಮಿಂದು, ಬಣ್ಣ ಹಚ್ಚಿಸಿಕೊಂಡು ಬಂದಿರುತ್ತೆ. ಹಾಗಾಗಿ ಅದು ನಿಮ್ಮ ತಲೆ ಮೇಲೆ ಬೆಳೆದ ಕೂದಲಿನಷ್ಟು ಗಟ್ಟಿ ಅಲ್ಲ. ಬ್ಲೀಚ್ ಡಬ್ಬಿ ಕೈಗೆತ್ತಿಕೊಳ್ಳುವಾಗ ಇದು ನೆನಪಿರಲಿ.

ಎಲ್ಲ ಪ್ಯಾಚಿಗೂ ಆಗಲ್ಲ

ಮೊದಲು ನಿಮ್ಮ ಹತ್ರ ಇರೋದು ಯಾವುದು ಅಂತ ನೋಡಿ.

ಸ್ವಿಸ್ ಲೇಸ್, ಫ್ರೆಂಚ್ ಲೇಸ್: ಎರಡಕ್ಕೂ ಮಾಡಬಹುದು. ಸ್ವಿಸ್ ತೆಳು, ಫ್ರೆಂಚ್ ಸ್ವಲ್ಪ ದಪ್ಪ. ತೆಳುವಾದಷ್ಟೂ ಬ್ಲೀಚ್ ಆಚೆ ಬದಿಗೆ ಇಳಿಯೋದು ಸುಲಭ, ಹಾಗಾಗಿ ಸ್ವಿಸ್ ಲೇಸಿಗೆ ಕೈ ಇನ್ನೂ ಹಗುರವಾಗಿರಬೇಕು.

ಸ್ಕಿನ್ ಅಥವಾ ಪಾಲಿ ಬೇಸ್: ಬೇಡ. ತೆಳು ಪ್ಲಾಸ್ಟಿಕ್ ಹಾಳೆಯಂಥ ಈ ಬೇಸ್‌ನಲ್ಲಿ ಬ್ಲೀಚ್ ಗಂಟಿನವರೆಗೆ ಸರಿಯಾಗಿ ತಲುಪಲ್ಲ. ವಿ-ಲೂಪ್ ಇದ್ರೆ ಗಂಟೇ ಇರಲ್ಲ.

ಸಿಂಥೆಟಿಕ್ ಕೂದಲು: ಬ್ಲೀಚ್ ಕೆಲಸವೇ ಮಾಡಲ್ಲ. ಇನ್ನೊಂದು ವಿಷಯ, ನರೆ ಬೆರೆತ ಪ್ಯಾಚ್‌ನಲ್ಲಿ ಬಿಳಿ ಎಳೆಗಳು ಎಷ್ಟೋ ಸಲ ಸಿಂಥೆಟಿಕ್ಕೇ ಆಗಿರ್ತವೆ. ಅವಕ್ಕೆ ಬ್ಲೀಚ್ ಬೇಕಾಗಿಯೂ ಇಲ್ಲ.

ಈಗಾಗಲೇ ಬ್ಲೀಚ್ ಆಗಿ ಬಂದದ್ದು: ಹೊಸ ಪ್ಯಾಚ್‌ನ ವಿವರದಲ್ಲಿ ‘ಬ್ಲೀಚ್ಡ್ ನಾಟ್ಸ್’ ಅಂತಿದ್ರೆ ಮತ್ತೊಮ್ಮೆ ಮಾಡಲೇಬೇಡಿ. ಒಂದು ಗಂಟು ಎರಡು ಸಲ ಬ್ಲೀಚ್ ತಡೆಯೋದು ಕಷ್ಟ.

ಆಗಲೇ ಎರಡು ತಿಂಗಳು ಬಳಸಿ ಕೂದಲು ಉದುರ್ತಿರೋ ಪ್ಯಾಚ್: ಅದಕ್ಕೆ ಬ್ಲೀಚ್ ಹಾಕೋದು ಅಂದ್ರೆ ಬಡಕಲು ಎತ್ತಿಗೆ ಗಾಡಿ ಕಟ್ಟಿದ ಹಾಗೆ. ಈ ಕೆಲಸಕ್ಕೆ ಸರಿಯಾದ ಸಮಯ ಪ್ಯಾಚ್ ಹೊಸದಾಗಿದ್ದಾಗ, ಮೊದಲ ಸಲ ಅಂಟಿಸೋ ಮುಂಚೆ.

ಬ್ಲೀಚ್ ಒಳಗೆ ನಡೆಯೋದೇನು?

ಎರಡು ವಸ್ತು ಇರುತ್ತೆ. ಒಂದು ಬ್ಲೀಚ್ ಪೌಡರ್, ಇದರಲ್ಲಿ ಪರ್‌ಸಲ್ಫೇಟ್ ಲವಣಗಳಿರ್ತವೆ. ಇನ್ನೊಂದು ಡೆವಲಪರ್, ಅಂದ್ರೆ ಹೈಡ್ರೋಜನ್ ಪೆರಾಕ್ಸೈಡ್ ಇರೋ ಕ್ರೀಮ್. ಎರಡೂ ಸೇರಿದಾಗ ಕೂದಲಿನ ಹೊರಪದರ ಸಡಿಲಾಗಿ, ಒಳಗಿನ ಕಪ್ಪು ವರ್ಣಕ ಮೆಲನಿನ್ ಒಡೆಯುತ್ತೆ. ಬಣ್ಣ ಒಂದೇ ಏಟಿಗೆ ಹೋಗಲ್ಲ. ಕಪ್ಪು ಮೊದಲು ಕೆಂಗಂದು, ಆಮೇಲೆ ಕಿತ್ತಳೆ, ಆಮೇಲೆ ಹೊನ್ನಿನ ಬಣ್ಣ, ಕೊನೆಗೆ ತಿಳಿಹಳದಿ. ಈ ದಾರಿಯಲ್ಲಿ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಇಡೀ ಕೆಲಸದ ಗುಟ್ಟು.

ಬಣ್ಣ ಹೋಗುವಾಗ ಕೂದಲಿಗೆ ಬಲ ಕೊಡೋ ಕೆರಟಿನ್ನಿನ ಬಂಧಗಳೂ ಒಡೀತವೆ. ಅಂದ್ರೆ ಗಂಟು ತಿಳಿಯಾದಷ್ಟೂ ಬಲಹೀನ. ಇದರಿಂದ ತಪ್ಪಿಸಿಕೊಳ್ಳೋ ಉಪಾಯ ಯಾವ ದುಬಾರಿ ಡಬ್ಬಿಯಲ್ಲೂ ಇಲ್ಲ.

ಡೆವಲಪರ್ ಬಾಟಲಿ ಮೇಲೆ 10, 20, 30, 40 ವಾಲ್ಯೂಮ್ ಅಂತಿರುತ್ತೆ. 20 ವಾಲ್ಯೂಮ್ ಅಂದ್ರೆ ಒಂದು ಲೀಟರ್ ದ್ರಾವಣದಿಂದ 20 ಲೀಟರ್ ಆಮ್ಲಜನಕ ಬಿಡುಗಡೆಯಾಗುತ್ತೆ ಅಂತ ಲೆಕ್ಕ. ಶೇಕಡಾವಾರಿನಲ್ಲಿ ಹೇಳೋದಾದ್ರೆ 20 ವಾಲ್ಯೂಮ್‌ಗೆ ಸುಮಾರು 6%, 30ಕ್ಕೆ 9%, 40ಕ್ಕೆ 12% ಪೆರಾಕ್ಸೈಡ್. ಮನೆಯಲ್ಲಿ ಮೊದಲ ಸಲ ಮಾಡೋರಿಗೆ 20 ಸಾಕು. ನಿಧಾನ, ಆದ್ರೆ ನಿಲ್ಲಿಸೋಕೆ ಸಮಯ ಸಿಗುತ್ತೆ. 40 ವಾಲ್ಯೂಮ್ ಅಂಗಡಿಯಲ್ಲೇ ಇರಲಿ.

ಇನ್ನೊಂದು ಎಚ್ಚರಿಕೆ. ‘ಬ್ಲೀಚ್’ ಅನ್ನೋ ಹೆಸರು ನೋಡಿ ಬಾತ್‌ರೂಮ್ ತೊಳೆಯೋ ಬ್ಲೀಚ್ ಮುಟ್ಟಬೇಡಿ. ಅದು ಕೂದಲನ್ನ ಕರಗಿಸಿಬಿಡುತ್ತೆ. ಮುಖಕ್ಕೆ ಹಚ್ಚೋ ಬ್ಲೀಚ್ ಕ್ರೀಮ್ ನವಿರು ರೋಮಕ್ಕೆ ಮಾಡಿದ್ದು, ಈ ಗಂಟಿಗೆ ಸಾಲದು.

ಏನೇನು ಜೋಡಿಸಿಕೊಳ್ಳಬೇಕು?

ಹೇರ್ ಬ್ಲೀಚ್ ಪೌಡರ್, 20 ವಾಲ್ಯೂಮ್ ಡೆವಲಪರ್, ಪ್ಲಾಸ್ಟಿಕ್ ಬಟ್ಟಲು, ಚಪ್ಪಟೆ ಬ್ರಷ್, ಕೈಗವಸು, ಅಲ್ಯೂಮಿನಿಯಂ ಫಾಯಿಲ್, ಟಿಶ್ಯೂ, ಶಾಂಪೂ, ಕಂಡೀಷನರ್, ಮೊಬೈಲ್ ಟೈಮರ್. ಸ್ಟೀಲ್ ಬಟ್ಟಲು, ಸ್ಟೀಲ್ ಚಮಚ ಬೇಡ. ಲೋಹ ತಾಗಿದ್ರೆ ಪೆರಾಕ್ಸೈಡ್ ಬೇಗ ಒಡೆದು ಮಿಶ್ರಣ ಕೆಡಬಹುದು. ಕಲಸಿದ ಮೇಲೆ ಉಳಿದದ್ದನ್ನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಡಿ, ಅನಿಲ ಬರ್ತಾನೇ ಇರುತ್ತೆ, ಮುಚ್ಚಳ ಸಿಡಿಯಬಹುದು.

ಕಿಟಕಿ ತೆಗೆದಿರಲಿ. ಪರ್‌ಸಲ್ಫೇಟ್ ಪುಡಿ ಮೂಗಿಗೆ ಹೋದ್ರೆ ಕೆಲವರಿಗೆ ಉಬ್ಬಸ ಬರುತ್ತೆ. ಅಸ್ತಮಾ ಇರೋರು ಈ ಕೆಲಸ ಸಲೂನಿಗೇ ಬಿಡೋದು ಒಳ್ಳೇದು. ಮತ್ತೆ, ಪ್ಯಾಚ್ ತಲೆ ಮೇಲಿರುವಾಗ ಯಾವ ಕಾರಣಕ್ಕೂ ಬ್ಲೀಚ್ ಹಚ್ಚಬೇಡಿ. ನೆತ್ತಿ ಸುಟ್ಟುಕೊಂಡ್ರೆ ಪ್ಯಾಚ್ ಅಂಟಿಸೋ ಜಾಗವೇ ಇರಲ್ಲ.

ಹಂತ ಹಂತವಾಗಿ

1. ಪ್ಯಾಚನ್ನ ಶಾಂಪೂವಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಳೆಯ ಅಂಟು ಚೂರೂ ಇರಬಾರದು, ಅಂಟಿದ್ದ ಕಡೆ ಬ್ಲೀಚ್ ಹಿಡಿಯಲ್ಲ. ಲೇಸ್ ಒದ್ದೆ ಇದ್ರೆ ಬ್ಲೀಚ್ ಹೀರಿಕೊಂಡು ಆಚೆ ಬದಿಗೆ ಇಳಿಯುತ್ತೆ.

2. ಮೊದಲು ಪರೀಕ್ಷೆ. ಹಿಂದಿನ ಮೂಲೆಯಲ್ಲಿ ಒಂದು ಸೆಂಟಿಮೀಟರ್ ಜಾಗಕ್ಕೆ ಮಾತ್ರ ಹಚ್ಚಿ ಎಷ್ಟು ನಿಮಿಷಕ್ಕೆ ಬಣ್ಣ ತಿರುಗುತ್ತೆ ನೋಡಿ. ಕಾರ್ಖಾನೆಯಲ್ಲಿ ಬಣ್ಣ ಹಚ್ಚಿದ ಕೂದಲು ಒಂದೊಂದು ಒಂದೊಂದು ಥರ. ಈ ಹಿಂದೆ ಲೋಹದ ಲವಣ ಇರೋ ಹೇರ್ ಡೈ ಹಚ್ಚಿದ್ರೆ ಪೆರಾಕ್ಸೈಡ್ ತಾಗಿ ಬಿಸಿಯಾಗೋದೂ ಉಂಟು. ಹಾಗೆ ಬಿಸಿ ಅನ್ನಿಸಿದ್ರೆ ಅಲ್ಲಿಗೇ ನಿಲ್ಲಿಸಿ, ತೊಳೆದುಬಿಡಿ.

3. ಪುಡಿ ಮತ್ತು ಡೆವಲಪರ್ ಕಲಸಿ. ತಲೆಗೂದಲಿಗಾದ್ರೆ ಸಾಮಾನ್ಯವಾಗಿ ಒಂದು ಪಾಲು ಪುಡಿಗೆ ಎರಡು ಪಾಲು ಡೆವಲಪರ್. ಗಂಟಿಗೆ ಇನ್ನೂ ಗಟ್ಟಿ ಇರಬೇಕು, ಒಂದಕ್ಕೆ ಒಂದು ಅಥವಾ ಒಂದೂವರೆ. ದೋಸೆ ಹಿಟ್ಟಿನ ಹದ ಅಲ್ಲ, ಇಡ್ಲಿ ಹಿಟ್ಟಿಗಿಂತಲೂ ಗಟ್ಟಿ. ಬ್ರಷ್ ಎತ್ತಿ ಹಿಡಿದ್ರೆ ತೊಟ್ಟಿಕ್ಕಬಾರದು.

4. ಕೂದಲನ್ನೆಲ್ಲ ಒಂದೇ ದಿಕ್ಕಿಗೆ ಬಾಚಿ, ಪ್ಯಾಚನ್ನ ಫಾಯಿಲ್ ಮೇಲೆ ಬೋರಲು ಹಾಕಿ. ಕೂದಲು ಕೆಳಗೆ, ನೆತ್ತಿಗೆ ತಾಗೋ ಬದಿ ಮೇಲೆ. ಲೇಸ್ ಸುಕ್ಕಿಲ್ಲದೆ ಹರಡಿರಲಿ.

5. ಬ್ರಷ್ ಚಪ್ಪಟೆಯಾಗಿ ಹಿಡಿದು, ಒತ್ತದೆ, ಗಂಟುಗಳ ಮೇಲೆ ತೆಳುವಾಗಿ ಸವರಿ. ಬೆಣ್ಣೆ ಸವರಿದ ಹಾಗೆ, ಬಣ್ಣ ಬಳಿದ ಹಾಗಲ್ಲ. ಒತ್ತಿದ್ರೆ ಬ್ಲೀಚ್ ಕಣ್ಣುಗಳಿಂದ ಕೆಳಗಿಳಿದು ಕೂದಲ ಬುಡಕ್ಕೆ ತಾಗುತ್ತೆ. ಇಡೀ ಪ್ಯಾಚಿಗೆ ಹಚ್ಚಲೇಬೇಕಿಲ್ಲ. ಮುಂಭಾಗದ ಒಂದೆರಡು ಇಂಚು ಮತ್ತು ಬೈತಲೆ ಜಾಗ ಸಾಕು. ಹಿಂದಿನ ಗಂಟು ಯಾರಿಗೂ ಕಾಣಲ್ಲ, ಅವು ಗಟ್ಟಿಯಾಗೇ ಇರಲಿ.

6. ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ. ಬ್ಲೀಚ್ ಒಣಗಿದ್ರೆ ಕೆಲಸ ನಿಂತುಹೋಗುತ್ತೆ. ಹೇರ್ ಡ್ರೈಯರ್ ಬಿಸಿ ಬೇಡ, ಬಿಸಿಗೆ ವೇಗ ಹೆಚ್ಚಿ ಕೈ ಮೀರುತ್ತೆ.

7. ಹತ್ತು ನಿಮಿಷಕ್ಕೆ ಮೊದಲ ಸಲ, ಆಮೇಲೆ ಐದೈದು ನಿಮಿಷಕ್ಕೆ ತೆಗೆದು ನೋಡಿ. ಚೂರು ಜಾಗ ಟಿಶ್ಯೂನಿಂದ ಒರೆಸಿದ್ರೆ ಗಂಟಿನ ನಿಜವಾದ ಬಣ್ಣ ಗೊತ್ತಾಗುತ್ತೆ. ಸಾಮಾನ್ಯವಾಗಿ 20ರಿಂದ 40 ನಿಮಿಷದೊಳಗೆ ಮುಗಿಯುತ್ತೆ. ಗಡಿಯಾರಕ್ಕಿಂತ ಕಣ್ಣನ್ನ ನಂಬಿ.

8. ಬಣ್ಣ ಬಂದ ತಕ್ಷಣ ಬ್ಲೀಚನ್ನ ಒದ್ದೆ ಟಿಶ್ಯೂನಿಂದ ಹಗುರವಾಗಿ ತೆಗೆದು, ಧಾರಾಳ ನೀರಿನಲ್ಲಿ ತೊಳೆಯಿರಿ. ಸಣ್ಣ ಧಾರೆಯಲ್ಲಿ ತೊಳೆದ್ರೆ ಬ್ಲೀಚ್ ನೀರು ಕೂದಲ ಬುಡದಲ್ಲೇ ನಿಲ್ಲುತ್ತೆ. ಆಮೇಲೆ ಎರಡು ಸಲ ಶಾಂಪೂ. ಬ್ಲೀಚ್ ನಂತರ ಬಳಸೋ ನ್ಯೂಟ್ರಲೈಸಿಂಗ್ ಶಾಂಪೂ ಸಿಕ್ಕಿದ್ರೆ ಇನ್ನೂ ಒಳ್ಳೇದು. ಗಂಟಿನೊಳಗೆ ಉಳಿದ ಬ್ಲೀಚ್ ತನ್ನ ಕೆಲಸ ಮುಂದುವರಿಸುತ್ತೆ ಅನ್ನೋದು ನೆನಪಿರಲಿ.

9. ಕಂಡೀಷನರ್ ಕೂದಲಿನ ಮಧ್ಯದಿಂದ ತುದಿಗೆ ಮಾತ್ರ. ಗಂಟಿಗೆ ತಾಗಿದ್ರೆ ಜಾರಿ ಬಿಚ್ಚಿಕೊಳ್ಳುತ್ತೆ. ನೆರಳಲ್ಲಿ ಒಣಗಿಸಿ, ಹಗಲು ಬೆಳಕಲ್ಲಿ ನೋಡಿ. ಒದ್ದೆ ಇದ್ದಾಗ ಬಣ್ಣ ಕಡುವಾಗಿ ಕಾಣುತ್ತೆ, ಅದನ್ನ ನೋಡಿ ಮತ್ತೆ ಬ್ಲೀಚ್ ಹಚ್ಚೋಕೆ ಹೋಗಬೇಡಿ.

ನಮ್ಮ ಮೈಬಣ್ಣಕ್ಕೆ ಬೆಲ್ಲದ ಬಣ್ಣ ಸಾಕು

ಹೊರದೇಶದ ವಿಡಿಯೋಗಳಲ್ಲಿ ಗಂಟು ಹೆಚ್ಚುಕಡಿಮೆ ಬೆಳ್ಳಗಾಗೋವರೆಗೂ ಬಿಡ್ತಾರೆ. ಅದು ಅವರ ನೆತ್ತಿಯ ಬಣ್ಣಕ್ಕೆ. ಗೋಧಿ ಬಣ್ಣದವರು, ಎಣ್ಣೆಗೆಂಪಿನವರು, ಕಪ್ಪಗಿರೋರು ಅಷ್ಟು ದೂರ ಹೋಗೋ ಅಗತ್ಯವೇ ಇಲ್ಲ. ಗಂಟು ಮಾಯ ಆಗಬೇಕಿಲ್ಲ, ಚರ್ಮದ ಬಣ್ಣದಲ್ಲಿ ಬೆರೆತ್ರೆ ಸಾಕು. ಅಚ್ಚುಬೆಲ್ಲದ ಬಣ್ಣಕ್ಕೂ ಜೇನಿನ ಬಣ್ಣಕ್ಕೂ ನಡುವೆ ಎಲ್ಲಾದ್ರೂ ನಿಲ್ಲಿಸಿ. ಇನ್ನೂ ತಿಳಿಯಾದ್ರೆ ಕಂದು ಚರ್ಮದ ಮೇಲೆ ಹಳದಿ ಚುಕ್ಕಿ ಕಾಣುತ್ತೆ. ಕಪ್ಪು ಚುಕ್ಕಿಗಿಂತ ಅದು ಇನ್ನೂ ವಿಚಿತ್ರ.

ಇದರಲ್ಲಿ ನಮಗೆ ಲಾಭವೂ ಇದೆ. ಬೇಗ ನಿಲ್ಲಿಸೋದ್ರಿಂದ ಗಂಟಿನ ಬಲ ಹೆಚ್ಚು ಉಳಿಯುತ್ತೆ. ಜಾಲರಿಯೇ ಬಿಳಿಚಿಕೊಂಡು ಕಾಣ್ತಿದ್ರೆ ಅದಕ್ಕೆ ಬ್ಲೀಚ್ ಮದ್ದಲ್ಲ. ಹಾಲಿಲ್ಲದ ಚಹಾ ಡಿಕಾಕ್ಷನ್ ಆರಿಸಿ, ಅದರಲ್ಲಿ ಲೇಸ್ ಭಾಗವನ್ನ ಸ್ವಲ್ಪ ಹೊತ್ತು ಅದ್ದಿದ್ರೆ ತಿಳಿಗಂದು ಬಣ್ಣ ಹಿಡಿಯುತ್ತೆ.

ಗಂಟು ತೀರಾ ಕಿತ್ತಳೆ ಅನ್ನಿಸಿದ್ರೆ ನೀಲಿ ಶಾಂಪೂ, ಹಳದಿ ಅನ್ನಿಸಿದ್ರೆ ನೇರಳೆ ಶಾಂಪೂ ಎರಡು ಮೂರು ನಿಮಿಷ ಬಿಟ್ಟು ತೊಳೀಬಹುದು. ಇದು ಬ್ಲೀಚ್ ಅಲ್ಲ, ಬಣ್ಣವನ್ನ ತಗ್ಗಿಸೋದು ಅಷ್ಟೇ.

ಎಡವಟ್ಟಾದ್ರೆ?

ಕೂದಲ ಬುಡವೇ ಹೊನ್ನಿನ ಬಣ್ಣಕ್ಕೆ ತಿರುಗಿದ್ರೆ ಬ್ಲೀಚ್ ಆಚೆ ಇಳಿದಿದೆ ಅಂತ ಅರ್ಥ. ಮತ್ತೆ ಇಡೀ ಪ್ಯಾಚಿಗೆ ಡೈ ಹಾಕಿದ್ರೆ ಗಂಟೂ ಕಪ್ಪಾಗಿ ಮಾಡಿದ ಕೆಲಸವೆಲ್ಲ ನೀರಿಗೆ. ಬದಲಿಗೆ ಸಣ್ಣ ಮಸ್ಕಾರಾ ಬ್ರಷ್‌ನಿಂದ ಕೂದಲಿನ ಬಣ್ಣದ ರೂಟ್ ಟಚ್-ಅಪ್ ಅನ್ನು ಬುಡಕ್ಕಷ್ಟೇ, ಹೊರಬದಿಯಿಂದ ಸವರಿ. ಲೇಸಿಗೆ ತಾಗಿಸಬೇಡಿ.

ಬೆರಳಾಡಿಸಿದಾಗ ಕೂದಲು ಗೊಂಚಲಾಗಿ ಬರ್ತಿದ್ರೆ ಗಂಟು ಸತ್ತಿದೆ. ನೆತ್ತಿಗೆ ತಾಗೋ ಬದಿಗೆ ನಾಟ್ ಸೀಲರ್ ಹೊಡೆದ್ರೆ ಉದುರೋದು ಸ್ವಲ್ಪ ನಿಧಾನವಾಗುತ್ತೆ, ನಿಲ್ಲಲ್ಲ. ಹಾಗಾಗಿ ಮದುವೆ, ಸಂದರ್ಶನ, ಊರ ಜಾತ್ರೆಗೆ ಎರಡು ದಿನ ಇದೆ ಅನ್ನುವಾಗ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಇರೋದು ಒಂದೇ ಪ್ಯಾಚ್ ಆದ್ರೆ ಸಲೂನಿಗೆ ಕೊಡಿ. ಹಳೇ ಪ್ಯಾಚ್ ಒಂದನ್ನ ಎಸೆಯದೆ ಇಟ್ಟುಕೊಂಡಿದ್ರೆ ಅದರ ಮೇಲೆ ಮೊದಲು ಕೈ ಪಳಗಿಸಿ.

ಆಮೇಲಿನ ಆರೈಕೆ

ಬ್ಲೀಚ್ ಆದ ಪ್ಯಾಚ್ ತಲೆ ಮೇಲೆ ಕೂತ ಮೇಲೆ ಅಮ್ಮ ಹೇಳೋ ಕೊಬ್ಬರಿ ಎಣ್ಣೆ ಮರೆತುಬಿಡಿ. ಎಣ್ಣೆ ಬುಡಕ್ಕಿಳಿದ್ರೆ ಅಂಟೂ ಸಡಿಲ, ಗಂಟೂ ಸಡಿಲ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಾಚಿ. ತಲೆ ಉಜ್ಜಿ ತೊಳೆಯೋ ಅಭ್ಯಾಸ ಬಿಟ್ಟು ಹಗುರವಾಗಿ ಒತ್ತಿ ತೊಳೆಯಿರಿ. ಹೆಲ್ಮೆಟ್ ಹಾಕೋರು ಒಳಗೊಂದು ನುಣುಪು ಬಟ್ಟೆ ಹಾಕಿಕೊಳ್ಳಿ, ಹಣೆಯಂಚಿನ ಗಂಟು ತಿಕ್ಕಾಟಕ್ಕೆ ಬೇಗ ಸೋಲುತ್ತೆ. ಕೂದಲಿನ ಬಣ್ಣ ಮಾಸಿ ಡೈ ಮಾಡುವಾಗ ಬುಡದಿಂದ ಅರ್ಧ ಇಂಚು ಬಿಟ್ಟು ಹಚ್ಚಿ, ಇಲ್ಲಾಂದ್ರೆ ಗಂಟು ಮತ್ತೆ ಕಪ್ಪು.

ಬ್ಲೀಚೇ ಬೇಡ ಅಂದ್ರೆ?

ದಾರಿ ಇದೆ. ನಿಮ್ಮ ನೆತ್ತಿಯ ಬಣ್ಣದ ಕನ್ಸೀಲರ್ ಅಥವಾ ಫೌಂಡೇಷನ್ ಪೌಡರನ್ನ ಲೇಸ್‌ನ ಒಳಬದಿಗೆ ತೆಳುವಾಗಿ ಒತ್ತಿ, ಚುಕ್ಕಿ ಅರ್ಧಕ್ಕರ್ಧ ಮಸುಕಾಗುತ್ತೆ. ಅಂಟೋ ಟೇಪೋ ಕೂರೋ ಅಂಚನ್ನ ಮಾತ್ರ ಬಿಡಿ, ಪುಡಿ ಇದ್ರೆ ಅಂಟು ಹಿಡಿಯಲ್ಲ. ಕೂದಲನ್ನ ಪೂರ್ತಿ ಹಿಂದಕ್ಕೆ ಬಾಚೋ ಬದಲು ಹಣೆ ಮೇಲೆ ಸ್ವಲ್ಪ ಬೀಳೋ ಹಾಗೆ ಕತ್ತರಿಸಿಕೊಂಡ್ರೆ ಅಂಚು ಕಾಣೋದೇ ಇಲ್ಲ. ಮುಂದಿನ ಸಲ ಪ್ಯಾಚ್ ಕೊಳ್ಳುವಾಗ ಹಣೆಯಂಚಿನಲ್ಲಿ ಕೂದಲು ವಿರಳವಾಗಿರೋದನ್ನ, ಸಿಂಗಲ್ ನಾಟ್ ಇರೋದನ್ನ ಕೇಳಿ ತಗೊಳ್ಳಿ. ನಮ್ಮ ಸ್ವಂತ ಕೂದಲೂ ಹಣೆಯಲ್ಲಿ ಗೋಡೆ ಕಟ್ಟಿದ ಹಾಗೆ ಶುರುವಾಗಲ್ಲ ಅಲ್ವಾ?

ಚುಕ್ಕಿಗಿಂತ ದೊಡ್ಡದು

ಈ ಪ್ಯಾಚ್ ಹಾಕಿಕೊಳ್ಳೋರು ಬರೀ ಶೋಕಿಗೆ ಹಾಕಲ್ಲ. ಇಪ್ಪತ್ತೈದಕ್ಕೇ ಕೂದಲು ಹೋದ ಹುಡುಗರಿದ್ದಾರೆ. ಅಲೋಪೀಸಿಯಾದಿಂದ ಕೂದಲು ಕಳೆದುಕೊಂಡ ಹೆಣ್ಣುಮಕ್ಕಳಿದ್ದಾರೆ. ಕೀಮೋಥೆರಪಿ ಮುಗಿಸಿ ಕೆಲಸಕ್ಕೆ ಮರಳಿದವರಿದ್ದಾರೆ. ರಾಜ್ ಬಿ. ಶೆಟ್ಟಿ ಅವರ 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಬೋಳುತಲೆಯ ಕನ್ನಡ ಮೇಷ್ಟ್ರಿಗೆ ಹೆಣ್ಣು ಸಿಗದ ಪಾಡು ನೋಡಿ ನಾವೆಲ್ಲ ನಕ್ಕಿದ್ದೇವೆ. ನಗುವಿನ ಹಿಂದಿನ ಸಂಕಟ ಮಾತ್ರ ನಿಜ. 2019ರ ಹಿಂದಿ ಸಿನಿಮಾ ‘ಬಾಲಾ’ದಲ್ಲಿ ನಾಯಕ ವಿಗ್ ವಿಷಯ ಮುಚ್ಚಿಟ್ಟು ಮದುವೆಯಾಗ್ತಾನೆ. ಗುಟ್ಟು ಹೊರಬಿದ್ದಾಗ ಹೆಂಡತಿ ಬಿಟ್ಟು ಹೋಗ್ತಾಳೆ.

ಆಫೀಸಿನವರಿಗೆ ಹೇಳಬೇಕಾ? ಬೇಕಿಲ್ಲ. ಕನ್ನಡಕದ ಪವರ್ ಎಷ್ಟು ಅಂತ ಯಾರಿಗೂ ಹೇಳ್ತಾ ಕೂರಲ್ಲ, ಇದೂ ಹಾಗೇ. ಆದ್ರೆ ಮದುವೆ ಮಾತುಕತೆ ನಡೀತಿದ್ರೆ ಆ ಒಬ್ಬರಿಗೆ, ನಿಶ್ಚಿತಾರ್ಥಕ್ಕಿಂತ ಮುಂಚೆ, ನೇರವಾಗಿ ಹೇಳಿಬಿಡಿ. ಎರಡು ಮೂರು ವಾರಕ್ಕೊಮ್ಮೆ ಪ್ಯಾಚ್ ಬಿಚ್ಚಿ, ಅಂಟು ತೆಗೆದು, ತೊಳೆದು ಮತ್ತೆ ಅಂಟಿಸಬೇಕು. ಒಂದೇ ಮನೆಯಲ್ಲಿರೋರಿಂದ ಅದನ್ನ ಮುಚ್ಚಿಡೋದು ಆಗದ ಮಾತು. ಹೇಳಿದ ಮೇಲೆ ಒಪ್ಪದವರು ಇರಬಹುದು. ಅದು ನೋವೇ. ಆದ್ರೆ ಮದುವೆಯಾದ ಮೇಲೆ ಬಾತ್‌ರೂಮ್ ಬಾಗಿಲು ಹಾಕಿಕೊಂಡು ಬದುಕೋದಕ್ಕಿಂತ ಚಿಕ್ಕ ನೋವು.

ಇನ್ನು ಚುಕ್ಕಿಯ ವಿಷಯಕ್ಕೆ ಬಂದ್ರೆ, ಎದುರು ಕೂತವರು ನಿಮ್ಮ ಹಣೆಯನ್ನ ಮೂರಿಂಚು ದೂರದಿಂದ ನೋಡಲ್ಲ. ಮಾತಾಡುವಷ್ಟು ದೂರಕ್ಕೆ ಕನ್ನಡಿಯಿಂದ ಹಿಂದೆ ಸರಿದು, ಹಗಲು ಬೆಳಕಲ್ಲಿ ಒಮ್ಮೆ ನೋಡಿಕೊಳ್ಳಿ. ಅಷ್ಟು ದೂರಕ್ಕೂ ಕಾಣ್ತಿದ್ರೆ 20 ವಾಲ್ಯೂಮ್ ಡೆವಲಪರ್ ತನ್ನಿ. ಕಾಣದಿದ್ರೆ ಪೌಡರ್ ಒತ್ತಿ, ಪ್ಯಾಚಿನ ಆಯಸ್ಸು ಉಳಿಸಿಕೊಳ್ಳಿ.